ಕೃತಕ ಬುದ್ಧಿಮತ್ತೆ: ಅದರ ಕೆಲಸದ ಕ್ರಮವೂ ರೈತರ ಭಯನಿವಾರಣೆಯೂ

ಪೀಠಿಕೆ

ಅಡಕೆಯ ತೋಟಗಳಿಗೆ ಮಳೆಗಾಲದಲ್ಲಿ ತಗಲುವ ಕೊಳೆರೋಗವನ್ನು ಅರಿಯದ ಜಮೀನುದಾರರು ಮಲೆನಾಡಿನಲ್ಲಿ ಇಲ್ಲ. ಈ ರೋಗದ ಕಾರಣವು ತಿಳಿಯದೆ ಇದ್ದ ಕಾಲದಲ್ಲಿ ತೋಟಗಾರರು ಗೊನೆಗಳಿಗೆ ಕೊಟ್ಟೆ ಕಟ್ಟುವುದರ ಹೊರತು ಬೇರೆ ಉಪಾಯವನ್ನು ಕಾಣದೆ, ಕಾಯಿ ಉದುರುವುದನ್ನು ನೋಡುತ್ತ ಕಳವಳಪಡುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಪರೀಕ್ಷಿಸಿ, ಅದು ಒಂದು ಬಗೆಯ ಬೂಷ್ಟಿನಿಂದ ಉಂಟಾಗುವುದೆಂದು ೧೯೧೦ರಲ್ಲಿ ವಿವರಿಸಿ, ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಅದರಿಂದ ರೋಗವು ನಿರ್ಮೂಲವಾಗಲಿಲ್ಲ. ಇಂದಿಗೂ ಅದು ಉಂಟು. ಆದರೆ ಅದರ ಸ್ವಭಾವವು ತಿಳಿದುದರಿಂದ, ಯಾವಾಗ ಎಚ್ಚರದಿಂದಿರಬೇಕು, ಯಾವಾಗ ನಿಶ್ಚಿಂತೆಯಿಂದಿರಬಹುದು ಎಂಬುದು ತೋಟಗಾರರಿಗೆ ಗೊತ್ತಾಯಿತು.

ಈಗ ಹಳ್ಳಿಹಳ್ಳಿಗೂ ಬಂದು ಮುಟ್ಟಿರುವ “ಕೃತಕ ಬುದ್ಧಿಮತ್ತೆ” ಎಂಬ ಮಾತಿನ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ಮನುಷ್ಯನಂತೆ ಆಲೋಚಿಸುವ ಯಂತ್ರವು ಹುಟ್ಟಿದೆ, ಅದು ಕೂಲಿಕಾರರ ಅನ್ನವನ್ನು ಕಸಿದುಕೊಳ್ಳುವುದು, ಪಹಣಿಯ ಲೆಕ್ಕವನ್ನು ತಾನಾಗಿಯೇ ತಿದ್ದುವುದು, ಕಡೆಗೆ ಮನುಷ್ಯರನ್ನೇ ಆಳುವುದು ಎಂದು ಕೆಲವರು ಅಂಜುತ್ತಿದ್ದಾರೆ. ಮತ್ತೆ ಕೆಲವರು ಇದಕ್ಕೆ ವಿರೋಧವಾಗಿ, ಕೈಯಲ್ಲಿರುವ ಮೊಬೈಲು ಹೇಳಿದುದೆಲ್ಲವೂ ವೇದವಾಕ್ಯವೆಂದು ನಂಬಿ, ಅದು ಹೇಳಿದ ಔಷಧವನ್ನು ಹಿಂದುಮುಂದು ನೋಡದೆ ಪೈರಿಗೆ ಹೊಡೆಯುತ್ತಿದ್ದಾರೆ. ಈ ಭಯಕ್ಕೂ ಈ ಕುರುಡು ನಂಬಿಕೆಗೂ ಮೂಲವು ಒಂದೇ. ಯಂತ್ರವು ಕೆಲಸಮಾಡುವ ಬಗೆಯು ತಿಳಿಯದಿರುವುದೇ ಆ ಮೂಲ. ಊರಿನಲ್ಲಿ ನಾಲ್ಕು ಜನರು ಬುದ್ಧಿ ಕೇಳಲು ಬರುವುದು ಗ್ರಾಮದ ಮುಖಂಡರ ಮತ್ತು ದೊಡ್ಡ ಹಿಡುವಳಿದಾರರ ಬಳಿಗೇ ಆದುದರಿಂದ, ಈ ಸಂಗತಿಯನ್ನು ಅವರು ಮೊದಲು ತಿಳಿಯುವುದು ಅವಶ್ಯಕವಾಗಿದೆ.

೧. ಹೆಸರಿನ ವಿಚಾರ

ಅರ್ಧದಷ್ಟು ಭಯವು ಹೆಸರಿನಿಂದಲೇ ಹುಟ್ಟಿದುದಾಗಿದೆ. ೧೯೫೬ರ ಬೇಸಿಗೆಯಲ್ಲಿ ಅಮೆರಿಕಾ ದೇಶದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ಗಣಿತಜ್ಞರೂ ಯಂತ್ರಶಾಸ್ತ್ರಜ್ಞರೂ ಸಭೆ ಸೇರಿದರು. ಆ ಸಭೆಯ ಸಂಬಂಧವಾಗಿ ಜಾನ್ ಮೆಕಾರ್ಥಿ ಎಂಬ ಗಣಿತಜ್ಞನು ಈ ವಿದ್ಯೆಗೆ ಇಟ್ಟ ಹೆಸರೇ ಕನ್ನಡದಲ್ಲಿ “ಕೃತಕ ಬುದ್ಧಿಮತ್ತೆ” ಎಂದು ಬಂದಿದೆ. ಇದು ಆಸೆಯನ್ನು ಸೂಚಿಸುವ ಹೆಸರೇ ಹೊರತು, ಸಿದ್ಧವಾಗಿದ್ದ ವಸ್ತುವನ್ನು ವರ್ಣಿಸುವ ಹೆಸರಲ್ಲ. ಮಗುವಿಗೆ ಭೀಮಸೇನನೆಂದು ಹೆಸರಿಟ್ಟ ಮಾತ್ರಕ್ಕೆ ಅದು ಗದೆಯನ್ನು ಎತ್ತಲಾರದಷ್ಟೆ. ಪ್ರಕೃತ ಬಳಕೆಯಲ್ಲಿರುವ ಯಂತ್ರಗಳಲ್ಲಿ ನಡೆಯುವುದು ಕೂಡುವುದು, ಕಳೆಯುವುದು, ಗುಣಿಸುವುದು ಮುಂತಾದ ಲೆಕ್ಕವೇ. ಆ ಲೆಕ್ಕವು ಅತ್ಯಂತ ವೇಗವಾಗಿ, ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆಯುವುದರಿಂದ ನೋಡುವವರಿಗೆ ಬುದ್ಧಿಯಂತೆ ತೋರುವುದು. ಇದನ್ನು ಬರಿಯ ಮಾತಿನಲ್ಲಿ ನಂಬಬೇಕಾದುದಿಲ್ಲ. ಸ್ಲೇಟು ಬಳಪಗಳಿದ್ದರೆ ಅರಳಿಕಟ್ಟೆಯ ಮೇಲೆಯೇ ಪರೀಕ್ಷಿಸಿ ನೋಡಬಹುದು.

೨. ಸ್ಲೇಟಿನ ಮೇಲೆ ಒಂದು ಪರೀಕ್ಷೆ

ಬತ್ತದ ಎಲೆಗಳ ಮೇಲೆ ಮಚ್ಚೆಗಳನ್ನು ಮಾಡುವ ರೋಗಗಳಲ್ಲಿ ಬೆಂಕಿರೋಗವೂ ಕಂದುಚುಕ್ಕೆ ರೋಗವೂ ಮುಖ್ಯವಾದುವು. ಬೆಂಕಿರೋಗದ ಮಚ್ಚೆಯು ಕದಿರಿನಂತೆ ನಡುವೆ ಅಗಲವಾಗಿ ಎರಡು ತುದಿಗಳಲ್ಲಿ ಚೂಪಾಗಿ ಉದ್ದವಾಗಿರುವುದು. ಕಂದುಚುಕ್ಕೆಯು ಗುಂಡಗೆ ಅಥವಾ ಎಳ್ಳಿನ ಕಾಳಿನ ಆಕಾರದಲ್ಲಿರುವುದು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದರಲ್ಲಿ ರೈತನ ಲಾಭನಷ್ಟಗಳು ಅಡಗಿವೆ. ಕಂದುಚುಕ್ಕೆಯು ಸಾಮಾನ್ಯವಾಗಿ ಸತ್ವಹೀನವಾದ ಭೂಮಿಯಲ್ಲಿ ಹೆಚ್ಚುವುದು. ಬೆಂಕಿರೋಗವಾದರೋ ಸಾರಜನಕದ ಗೊಬ್ಬರವು ಮಿತಿಮೀರಿದಲ್ಲಿ ಉಲ್ಬಣಿಸುವುದು. ಒಂದನ್ನು ಮತ್ತೊಂದೆಂದು ಭ್ರಮಿಸಿ ಯೂರಿಯಾ ಎರಚಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಗುವುದು.

ಬೇಸಾಯದ ಗಂಧವೇ ಇಲ್ಲದ ಒಬ್ಬ ಶಾಲೆಯ ಹುಡುಗನನ್ನು ಕರೆದು, ಅವನ ಕೈಗೆ ಒಂದು ಅಳತೆಯ ಪಟ್ಟಿಯನ್ನು ಕೊಟ್ಟು, ಈ ನಿಯಮವನ್ನು ಮಾತ್ರ ಹೇಳಿಕೊಡತಕ್ಕದ್ದು: ಮಚ್ಚೆಯ ಉದ್ದವನ್ನೂ ಅಗಲವನ್ನೂ ಮಿಲಿಮೀಟರಿನಲ್ಲಿ ಅಳೆ, ಅಗಲವನ್ನು ಒಂದು ಗುಣಕದಿಂದ ಗುಣಿಸಿ, ಬಂದುದನ್ನು ಉದ್ದದಿಂದ ಕಳೆ, ಶೇಷವು ಸೊನ್ನೆಗಿಂತ ಹೆಚ್ಚಾದರೆ “ಬೆಂಕಿ” ಎನ್ನು, ಕಡಮೆಯಾದರೆ “ಕಂದು” ಎನ್ನು. ಗುಣಕವು ಎಷ್ಟಿರಬೇಕೆಂಬುದು ಯಾರಿಗೂ ತಿಳಿಯದು. ಆದುದರಿಂದ ಮೊದಲು ೧ ಎಂದು ಇಟ್ಟುಕೊಳ್ಳತಕ್ಕದ್ದು. ಹುಡುಗನು ಕಂದನ್ನು ಬೆಂಕಿಯೆಂದು ತಪ್ಪು ಹೇಳಿದಾಗಲೆಲ್ಲ ಗುಣಕವನ್ನು ಅರ್ಧದಷ್ಟು ಏರಿಸತಕ್ಕದ್ದು. ಬೆಂಕಿಯನ್ನು ಕಂದೆಂದು ಹೇಳಿದಾಗ ಅರ್ಧದಷ್ಟು ಇಳಿಸತಕ್ಕದ್ದು. ಸರಿಯಾಗಿ ಹೇಳಿದಾಗ ಹಾಗೆಯೇ ಬಿಡತಕ್ಕದ್ದು. ಕೆಳಗಿನ ಅಳತೆಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಹೊಲದಲ್ಲಿ ರೋಗವನ್ನು ಗುರುತಿಸಲು ಇವನ್ನು ಪ್ರಮಾಣವಾಗಿ ಹಿಡಿಯಲಾಗದು.

ಮೊದಲನೆಯ ಎಲೆ. ಅನುಭವಸ್ಥ ರೈತನು ನೋಡಿ ಬೆಂಕಿರೋಗವೆಂದು ಹೇಳಿರುವನು. ಮಚ್ಚೆಯ ಉದ್ದ ೧೨, ಅಗಲ ೩. ಹನ್ನೆರಡರಲ್ಲಿ ಮೂರನ್ನು ಕಳೆದರೆ ೯, ಸೊನ್ನೆಗಿಂತ ಹೆಚ್ಚು. ಹುಡುಗನು “ಬೆಂಕಿ” ಎನ್ನುವನು, ಸರಿ.

ಎರಡನೆಯ ಎಲೆ. ಇದು ಕಂದುಚುಕ್ಕೆ. ಉದ್ದ ೪, ಅಗಲ ೩. ಶೇಷ ೧. ಹುಡುಗನು “ಬೆಂಕಿ” ಎನ್ನುವನು, ತಪ್ಪು. ಗುಣಕವನ್ನು ಒಂದೂವರೆಗೆ ಏರಿಸಬೇಕು.

ಮೂರನೆಯ ಎಲೆ. ಇದೂ ಕಂದುಚುಕ್ಕೆಯೇ. ಉದ್ದ ೫, ಅಗಲ ೩. ಮೂರನ್ನು ಒಂದೂವರೆಯಿಂದ ಗುಣಿಸಿದರೆ ನಾಲ್ಕೂವರೆ, ಶೇಷ ಅರ್ಧ. ಹುಡುಗನು ಮತ್ತೆ “ಬೆಂಕಿ” ಎನ್ನುವನು, ತಪ್ಪು. ಗುಣಕವು ೨ ಆಯಿತು.

ನಾಲ್ಕನೆಯ ಎಲೆ. ಬೆಂಕಿರೋಗ. ಉದ್ದ ೯, ಅಗಲ ೪. ಒಂಬತ್ತರಲ್ಲಿ ಎಂಟನ್ನು ಕಳೆದರೆ ೧. “ಬೆಂಕಿ”, ಸರಿ.

ಈಗ ಮೊದಲಿನಿಂದ ಮತ್ತೆ ಪರೀಕ್ಷಿಸಿದರೆ, ಗುಣಕವು ೨ ಆಗಿರುವಾಗ ನಾಲ್ಕು ಎಲೆಗಳಿಗೂ ಉತ್ತರವು ಸರಿಯಾಗಿ ಬರುವುದು. ತರುವಾಯ ಹುಡುಗನು ಎಂದೂ ನೋಡದಿದ್ದ ಐದನೆಯ ಎಲೆಯನ್ನು ಕೊಟ್ಟರೆ, ಅದರ ಉದ್ದ ೧೦, ಅಗಲ ೩ ಆಗಿದ್ದಲ್ಲಿ, ಶೇಷವು ೪. “ಬೆಂಕಿ” ಎಂದು ಅವನು ತಟ್ಟನೆ ಹೇಳುವನು, ಮತ್ತು ಅದು ಸರಿಯೂ ಆಗಿರುವುದು. ಹೀಗೆ ಬತ್ತವೆಂದರೇನು, ರೋಗವೆಂದರೇನು ಎಂಬುದನ್ನು ತಿಳಿಯದ ಹುಡುಗನು ರೋಗವನ್ನು ಹೆಸರಿಸಿದಂತಾಯಿತು. ಅವನು ಕಲಿತುದೆಲ್ಲವೂ “೨” ಎಂಬ ಒಂದು ಅಂಕಿಯಲ್ಲಿ ಅಡಗಿದೆ. ಆ ಅಂಕಿಯನ್ನು ಚೀಟಿಯಲ್ಲಿ ಬರೆದು ಪಕ್ಕದ ಊರಿನ ಹುಡುಗನಿಗೆ ಕಳುಹಿಸಿದರೆ ಅವನೂ ಅದೇ ಕ್ಷಣದಲ್ಲಿ ಅಷ್ಟೇ “ವಿದ್ಯಾವಂತ”ನಾಗುವನು. ಕೃತಕ ಬುದ್ಧಿಮತ್ತೆಯಲ್ಲಿ “ಕಲಿಯುವುದು” ಎಂದರೆ ಇಷ್ಟೇ: ತಪ್ಪಾದಾಗ ಅಂಕಿಯನ್ನು ಸ್ವಲ್ಪ ತಿದ್ದುವುದು, ಮತ್ತೆ ಪರೀಕ್ಷಿಸುವುದು, ಮತ್ತೆ ತಿದ್ದುವುದು.

ಆದರೆ ಪರೀಕ್ಷೆಯು ಇಲ್ಲಿಗೆ ಮುಗಿಯಲಿಲ್ಲ. ಆರನೆಯದಾಗಿ ಎಲೆ ಸುರುಳಿ ಹುಳುವು ಕೆರೆದು ತಿಂದ ಎಲೆಯನ್ನು ಕೊಡತಕ್ಕದ್ದು. ಅದರ ಮೇಲೆ ಉದ್ದವಾದ ಬಿಳಿಯ ಗೆರೆ ಇರುವುದು. ಉದ್ದ ೩೦, ಅಗಲ ೨ ಎಂದಿರಲಿ. ಮೂವತ್ತರಲ್ಲಿ ನಾಲ್ಕನ್ನು ಕಳೆದರೆ ೨೬. ಇದುವರೆಗೆ ಬಂದ ಶೇಷಗಳಲ್ಲೆಲ್ಲ ಇದೇ ದೊಡ್ಡದು. ಆದುದರಿಂದ ಹುಡುಗನು ಎಂದಿಗಿಂತಲೂ ಹೆಚ್ಚಿನ ಧೈರ್ಯದಿಂದ “ಬೆಂಕಿ” ಎನ್ನುವನು. ಉತ್ತರವು ಪೂರ್ತಿಯಾಗಿ ತಪ್ಪು. ಆ ಮಾತನ್ನು ನಂಬಿ ಬೂಷ್ಟಿನ ಔಷಧವನ್ನು ಹೊಡೆದವನ ಹಣವೂ ಹೋಯಿತು, ಹುಳುವೂ ಸಾಯಲಿಲ್ಲ, ನಾಲ್ಕೈದು ದಿನಗಳೂ ಕಳೆದುಹೋದುವು. ಹುಡುಗನಲ್ಲಿ ದುರ್ಬುದ್ಧಿಯೇನೂ ಇಲ್ಲ. ಹುಳುವಿನ ಹೆಸರನ್ನು ಅವನಿಗೆ ಯಾರೂ ಹೇಳಿರಲಿಲ್ಲ, “ಇದು ನನಗೆ ತಿಳಿಯದು” ಎನ್ನುವ ದಾರಿಯನ್ನೂ ಯಾರೂ ಕೊಟ್ಟಿರಲಿಲ್ಲ. ಯಂತ್ರದ ಬಲವೂ ಅದರ ದೋಷವೂ ಈ ಸಣ್ಣ ಲೆಕ್ಕದಲ್ಲಿಯೇ ಪೂರ್ತಿಯಾಗಿ ಕಂಡುಬರುವುವು. ಉಳಿದುದು ಗಾತ್ರದ ಹೆಚ್ಚಳ ಮಾತ್ರ.

೩. ಒಂದು ಅಂಕಿಯಿಂದ ಕೋಟಿ ಅಂಕಿಗಳವರೆಗೆ

ಇಂತಹ ಯಂತ್ರವನ್ನು ಮೊದಲು ಮಾಡಿ ತೋರಿಸಿದವರಲ್ಲಿ ಅಮೆರಿಕಾದ ಫ್ರಾಂಕ್ ರೋಸೆನ್‌ಬ್ಲಾಟ್ ಎಂಬಾತನು ಮುಖ್ಯನು. ೧೯೫೮ರಲ್ಲಿ ಆತನು ತನ್ನ “ಪರ್ಸೆಪ್ಟ್ರಾನ್” ಎಂಬ ಏರ್ಪಾಟನ್ನು ಜನರ ಮುಂದಿಟ್ಟನು. ಎಡಗಡೆ ಗುರುತುಳ್ಳ ಚೀಟಿ ಯಾವುದು, ಬಲಗಡೆ ಗುರುತುಳ್ಳ ಚೀಟಿ ಯಾವುದು ಎಂಬುದನ್ನು ಅದು ಸುಮಾರು ೫೦ ಸಲದ ಅಭ್ಯಾಸದ ತರುವಾಯ ಬೇರ್ಪಡಿಸಿತು. ಇಷ್ಟಕ್ಕೆ, ಈ ಯಂತ್ರವು ಮುಂದೆ ನಡೆಯುವುದು, ಮಾತನಾಡುವುದು, ತನ್ನಂತಹ ಬೇರೆ ಯಂತ್ರಗಳನ್ನು ತಾನೇ ಹುಟ್ಟಿಸುವುದು ಎಂದು ಆ ದೇಶದ ವೃತ್ತಪತ್ರಿಕೆಯು ಬರೆಯಿತು. ಎಡಬಲಗಳನ್ನು ಕಲಿತ ಯಂತ್ರದ ವಿಷಯದಲ್ಲಿಯೂ ಉತ್ಪ್ರೇಕ್ಷೆಯು ಇಷ್ಟಿತ್ತೆಂಬುದನ್ನು ಮುಖಂಡರು ನೆನಪಿನಲ್ಲಿಡುವುದು ಒಳ್ಳೆಯದು.

ಬಹುಕಾಲದ ಮೇಲೆ, ೨೦೧೨ರಲ್ಲಿ, ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾನಿಲಯದ ಕ್ರಿಜೆವ್‌ಸ್ಕಿ, ಸುಟ್ಸ್‌ಕೆವರ್, ಹಿಂಟನ್ ಎಂಬ ಮೂವರು, ಚಿತ್ರಗಳಲ್ಲಿರುವ ವಸ್ತುವನ್ನು ಹೆಸರಿಸುವ ಯಂತ್ರವನ್ನು ಸಿದ್ಧಪಡಿಸಿದರು. ಮೇಲಿನ ಹುಡುಗನ ಬಳಿ ಇದ್ದುದು ಒಂದು ಗುಣಕ; ಈ ಯಂತ್ರದಲ್ಲಿದ್ದುದು ಸುಮಾರು ೬ ಕೋಟಿ. ಹುಡುಗನು ಕಲಿತುದು ನಾಲ್ಕು ಎಲೆಗಳಿಂದ. ಯಂತ್ರವು ಕಲಿತುದು ಸುಮಾರು ೧೨ ಲಕ್ಷ ಚಿತ್ರಗಳಿಂದ. ಯಂತ್ರವು ಮಚ್ಚೆಯ ಉದ್ದಗಲಗಳನ್ನು ಪಟ್ಟಿಯಿಂದ ಅಳೆಯದು. ಚಿತ್ರವನ್ನು ಸಣ್ಣ ಸಣ್ಣ ಬಿಂದುಗಳನ್ನಾಗಿ ಒಡೆದು, ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಅಂಕಿಯಾಗಿ ಮಾಡಿಕೊಂಡು, ಆ ಅಂಕಿಗಳನ್ನು ಗುಣಕಗಳಿಂದ ಗುಣಿಸಿ ಕೂಡುತ್ತ ಹೋಗುವುದು. ಕ್ರಮವು ಅದೇ, ತಪ್ಪಿದಾಗ ತಿದ್ದುವುದೂ ಅದೇ.

೪. ಎಲೆಗಳ ಪರೀಕ್ಷೆಯಲ್ಲಿ ಕಂಡ ಪಾಠ

ವ್ಯವಸಾಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಪ್ರಸಿದ್ಧವಾದ ಪ್ರಯೋಗವು ೨೦೧೬ರಲ್ಲಿ ಪ್ರಕಟವಾಯಿತು. ಮೊಹಾಂತಿ, ಹ್ಯೂಸ್, ಸಲಾಥೆ ಎಂಬ ವಿದ್ವಾಂಸರು “ಪ್ಲಾಂಟ್ ವಿಲೇಜ್” ಎಂಬ ಸಂಗ್ರಹದ ೫೪,೩೦೬ ಎಲೆಗಳ ಚಿತ್ರಗಳಿಂದ ಯಂತ್ರಕ್ಕೆ ೧೪ ಬೆಳೆಗಳನ್ನೂ ೨೬ ರೋಗಗಳನ್ನೂ ಕಲಿಸಿದರು. ಅದೇ ಸಂಗ್ರಹದಲ್ಲಿ ಕಲಿಸದೆ ಪ್ರತ್ಯೇಕವಾಗಿ ತೆಗೆದಿಟ್ಟಿದ್ದ ಚಿತ್ರಗಳನ್ನು ತೋರಿಸಿದಾಗ, ನೂರಕ್ಕೆ ೯೯ಕ್ಕಿಂತಲೂ ಹೆಚ್ಚು ಉತ್ತರಗಳು ಸರಿಯಾದುವು. ಇಷ್ಟನ್ನು ಮಾತ್ರ ಕೇಳಿದವರು ರೋಗ ಪರೀಕ್ಷಕರೇ ಇನ್ನು ಬೇಡವೆಂದು ಹೇಳಬಹುದು. ಆದರೆ ಆ ವಿದ್ವಾಂಸರು ಪ್ರಾಮಾಣಿಕರಾದುದರಿಂದ, ಬೇರೆ ಕಡೆ ಬೇರೆ ರೀತಿಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಸರಿಯುತ್ತರಗಳು ನೂರಕ್ಕೆ ಸುಮಾರು ೩೧ಕ್ಕೆ ಇಳಿದುವೆಂಬುದನ್ನೂ ತಾವೇ ಬರೆದಿದ್ದಾರೆ.

ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಕಲಿಸಿದ ಚಿತ್ರಗಳಲ್ಲಿ ಒಂದೊಂದು ಎಲೆಯನ್ನೂ ಗಿಡದಿಂದ ಕಿತ್ತು, ಒಂದೇ ಬಣ್ಣದ ಹಿನ್ನೆಲೆಯ ಮೇಲೆ ಬಿಡಿಯಾಗಿ ಇಟ್ಟು ತೆಗೆಯಲಾಗಿತ್ತು. ಹೊಲದಲ್ಲಿಯಾದರೋ ಮಣ್ಣು, ಕಳೆ, ನೆರಳು, ನೀರಿನ ಹನಿ, ಒಂದರ ಮೇಲೊಂದು ಬಿದ್ದ ಎಲೆಗಳು ಎಲ್ಲವೂ ಇರುವುವು. ತರುವಾಯ ೨೦೨೨ರಲ್ಲಿ ಮತ್ತೊಂದು ಸಂಗತಿಯು ಹೊರಬಿತ್ತು. ಅದೇ ಸಂಗ್ರಹದ ಚಿತ್ರಗಳಲ್ಲಿ ಎಲೆಯನ್ನು ಬಿಟ್ಟು, ಹಿನ್ನೆಲೆಯ ೮ ಬಿಂದುಗಳನ್ನು ಮಾತ್ರ ತೋರಿಸಿ ಕಲಿಸಿದರೂ ಯಂತ್ರವು ಹೆಚ್ಚುಕಡಮೆ ಅರ್ಧದಷ್ಟು ಉತ್ತರಗಳನ್ನು ಸರಿಯಾಗಿ ಹೇಳಿತು. ಒಂದೊಂದು ರೋಗದ ಚಿತ್ರಗಳನ್ನು ಒಂದೊಂದು ಬಗೆಯ ಬೆಳಕಿನಲ್ಲಿ ತೆಗೆದಿದ್ದರೆ, ಯಂತ್ರವು ರೋಗವನ್ನು ಬಿಟ್ಟು ಬೆಳಕನ್ನೇ ಕಲಿತುಬಿಡುವುದೆಂಬುದು ಇದರಿಂದ ತಿಳಿದುಬರುವುದು. ಪಾಠವನ್ನು ಅರಿಯದೆ, ಮೇಷ್ಟರ ಮುಖಭಾವವನ್ನು ನೋಡಿ ಉತ್ತರ ಹೇಳುವ ವಿದ್ಯಾರ್ಥಿಯಂತೆಯೇ ಇದು.

ಈ ಪ್ರಯೋಗದಿಂದ ಯಂತ್ರವು ನಿಷ್ಪ್ರಯೋಜಕವೆಂದು ತಿಳಿಯಬಾರದು. ಯಾವ ಊರಿನ ಹೊಲಗಳ ಚಿತ್ರಗಳಿಂದ ಕಲಿಯಿತೋ ಆ ಬಗೆಯ ಹೊಲಗಳಲ್ಲಿ ಅದು ಚೆನ್ನಾಗಿ ಕೆಲಸಮಾಡುವುದು. ಬೇರೆ ಕಡೆ ಅದರ ಮಾತನ್ನು ಪರೀಕ್ಷಿಸಿ ಒಪ್ಪಬೇಕು. ಒಂದು ಸೀಮೆಯಲ್ಲಿ ಚೆನ್ನಾಗಿ ಬಂದ ಬಿತ್ತನೆ ಬೀಜವನ್ನು ಮತ್ತೊಂದು ಸೀಮೆಗೆ ತಂದಾಗ, ಜಾಣನಾದ ಜಮೀನುದಾರನು ಮೊದಲ ವರ್ಷವೇ ಹೊಲಕ್ಕೆಲ್ಲ ಬಿತ್ತದೆ ಒಂದು ಮಡಿಯಲ್ಲಿ ಹಾಕಿ ನೋಡುವನಷ್ಟೆ.

೫. ಮಾತನಾಡುವ ಯಂತ್ರದ ಗುಟ್ಟು

ಚಿತ್ರವನ್ನು ನೋಡುವ ಯಂತ್ರಕ್ಕಿಂತಲೂ ಜನರಲ್ಲಿ ಹೆಚ್ಚಿನ ಬೆರಗನ್ನೂ ಭಯವನ್ನೂ ಹುಟ್ಟಿಸಿರುವುದು ಮಾತನಾಡುವ ಯಂತ್ರ. ೨೦೨೨ರ ನವೆಂಬರ್ ೩೦ರಂದು “ಚಾಟ್ ಜಿಪಿಟಿ” ಎಂಬುದು ಸಾರ್ವಜನಿಕರ ಬಳಕೆಗೆ ಬಂದ ಮೇಲೆ, ಕೇಳಿದ ಪ್ರಶ್ನೆಗೆ ವಿದ್ವಾಂಸನಂತೆ ಉತ್ತರ ಕೊಡುವ ಇಂತಹ ಏರ್ಪಾಟುಗಳು ಹಲವು ಬಂದಿವೆ.

ಇವುಗಳ ಕೆಲಸದ ಕ್ರಮವನ್ನು ಒಂದು ಗಾದೆಯಿಂದ ತಿಳಿಯಬಹುದು. “ಕೈ ಕೆಸರಾದರೆ” ಎಂದು ಒಬ್ಬನು ಹೇಳಿ ನಿಲ್ಲಿಸಿದರೆ, ಕೇಳಿದ ಸಣ್ಣ ಮಗುವೂ “ಬಾಯಿ ಮೊಸರು” ಎಂದು ಮುಗಿಸುವುದು. ಮಗುವು ಕೈಯನ್ನೂ ನೋಡಿಲ್ಲ, ಮೊಸರನ್ನೂ ನೋಡಿಲ್ಲ. ಆ ಮಾತಿನ ಹಿಂದೆ ಈ ಮಾತು ಬರುವುದನ್ನು ಹಲವು ಸಲ ಕೇಳಿದೆ, ಅಷ್ಟೆ. ಮಾತನಾಡುವ ಯಂತ್ರಕ್ಕೆ ಕೋಟಿಗಟ್ಟಲೆ ಪುಟಗಳ ಬರಹವನ್ನು ಒದಗಿಸಿ, ಒಂದೊಂದು ಕಡೆಯಲ್ಲಿಯೂ ಮುಂದೆ ಬರುವ ಮಾತು ಯಾವುದೆಂದು ಊಹಿಸುವಂತೆ ಮಾಡುವರು. ಊಹೆ ತಪ್ಪಿದಾಗ ಗುಣಕಗಳನ್ನು ತಿದ್ದುವರು. ತರುವಾಯ ಮನುಷ್ಯರು ಮೆಚ್ಚುವಂತಹ ಉತ್ತರಗಳ ಕಡೆಗೆ ಅದನ್ನು ಮತ್ತಷ್ಟು ತಿದ್ದುವರು. ಹೀಗೆ ಸಿದ್ಧವಾದ ಯಂತ್ರವು ಪ್ರಶ್ನೆಯ ಹಿಂದೆ ಬರಲು ತಕ್ಕ ಮಾತನ್ನು ಒಂದೊಂದಾಗಿ ಆರಿಸಿ ಜೋಡಿಸುತ್ತ ಹೋಗುವುದು. ಬಹಳ ಓದಿರುವುದರಿಂದ ಅದರ ಊಹೆಯು ಬಹಳ ಸಲ ಸರಿಯಾಗಿಯೂ ಉಪಯುಕ್ತವಾಗಿಯೂ ಇರುವುದು. ಆದರೆ “ಒಂದು ಲೀಟರ್ ನೀರಿಗೆ ಈ ಔಷಧ ಎಷ್ಟು ಮಿಲಿಲೀಟರ್” ಎಂದು ಕೇಳಿದಾಗ, ಆ ಸ್ಥಳದಲ್ಲಿ ಬರಲು ತಕ್ಕಂತಹ ಒಂದು ಅಂಕಿಯನ್ನು ಅದು ಹೇಳುವುದೇ ಹೊರತು, ಡಬ್ಬಿಯ ಮೇಲಿನ ಚೀಟಿಯನ್ನು ಓದಿ ಹೇಳಿತೆಂಬ ಭರವಸೆಯಿಲ್ಲ. ಸರಿಯನ್ನೂ ತಪ್ಪನ್ನೂ ಅದು ಒಂದೇ ಗಾಂಭೀರ್ಯದಿಂದ ಹೇಳುವುದು. ಕನ್ನಡದಲ್ಲಿ ಅದಕ್ಕೆ ದೊರೆತ ಬರಹವು ಇಂಗ್ಲಿಷಿಗಿಂತ ಬಹಳ ಕಡಮೆಯಾದುದರಿಂದ, ಕನ್ನಡದ ಉತ್ತರಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರವು ಬೇಕು.

ಮಾತನಾಡುವ ವಸ್ತುವಿನಲ್ಲಿ ಮನಸ್ಸುಂಟೆಂದು ಭಾವಿಸುವುದು ಮನುಷ್ಯಸ್ವಭಾವ. ೧೯೬೬ರಲ್ಲಿ ಅಮೆರಿಕಾದ ಜೋಸೆಫ್ ವೈಜೆನ್‌ಬಾಮ್ ಎಂಬ ಪಂಡಿತನು “ಎಲೈಜಾ” ಎಂಬ ಏರ್ಪಾಟನ್ನು ಪ್ರಕಟಿಸಿದನು. ಕೇಳಿದವರ ಮಾತನ್ನೇ ಸ್ವಲ್ಪ ತಿರುಗಿಸಿ ಪ್ರಶ್ನೆಯಾಗಿ ಹಿಂದಕ್ಕೆ ಕೊಡುವುದರ ಹೊರತು ಅದರಲ್ಲಿ ಹೆಚ್ಚಿನದೇನೂ ಇರಲಿಲ್ಲ. ಆದರೂ ಅದನ್ನು ಆತನು ಸಿದ್ಧಪಡಿಸುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಆತನ ಕಚೇರಿಯ ಸಹಾಯಕಿಯೇ, ಅದರೊಡನೆ ಕೆಲವು ಮಾತುಗಳನ್ನಾಡಿದ ಮೇಲೆ, ಏಕಾಂತಬೇಕೆಂದು ಆತನನ್ನು ಕೊಠಡಿಯಿಂದ ಹೊರಗೆ ಹೋಗುವಂತೆ ಕೇಳಿಕೊಂಡಳಂತೆ. ಮನಸ್ಸು ಇದ್ದುದು ಕೇಳಿದವಳಲ್ಲಿ, ಯಂತ್ರದಲ್ಲಲ್ಲ.

೬. ಭಯಗಳ ಒಂದೊಂದರ ವಿಚಾರ

ಯಂತ್ರವು ಮನುಷ್ಯರನ್ನು ಆಳುವುದೆಂಬ ಭಯ: ಮೇಲೆ ಹೇಳಿದ ಗುಣಕಗಳಿಗೆ ಹಸಿವಿಲ್ಲ, ಆಸೆಯಿಲ್ಲ, ದ್ವೇಷವಿಲ್ಲ. ಅಣೆಕಟ್ಟಿನ ತೂಬನ್ನು ಯಂತ್ರದ ಮಾತಿನಂತೆ ತೆರೆಯುವ ಏರ್ಪಾಟನ್ನು ಮನುಷ್ಯರು ಮಾಡಿದರೆ ಮಾತ್ರ ಅದು ತೂಬನ್ನು ತೆರೆಯುವುದು. ಹೀಗೆಂದ ಮಾತ್ರಕ್ಕೆ ಎಚ್ಚರವು ಬೇಡವೆಂದಲ್ಲ. ಮೇಲೆ ಹೇಳಿದ ಹಿಂಟನ್ ಅವರೇ ೨೦೨೩ರಲ್ಲಿ ತಮ್ಮ ಉದ್ಯೋಗವನ್ನು ಬಿಟ್ಟು, ಈ ವಿದ್ಯೆಯಿಂದ ಮುಂದೆ ಅಪಾಯಗಳುಂಟೆಂದು ಬಹಿರಂಗವಾಗಿ ಹೇಳಿದರು. ಅದನ್ನು ಒಪ್ಪದ ಪಂಡಿತರೂ ಇದ್ದಾರೆ. ಯಂತ್ರಕ್ಕೆ ಯಾವ ಕೆಲಸವನ್ನು ಒಪ್ಪಿಸಬೇಕು, ಯಾವುದನ್ನು ಮನುಷ್ಯನ ಕೈಯಲ್ಲಿಯೇ ಉಳಿಸಿಕೊಳ್ಳಬೇಕು ಎಂಬುದೇ ನಿಜವಾದ ಪ್ರಶ್ನೆ. ಇದು ಊರಿನ ಕೆರೆಯ ನೀರನ್ನು ಬಿಡುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಯಂತೆಯೇ ಮನುಷ್ಯರು ಕೂಡಿ ತೀರ್ಮಾನಿಸತಕ್ಕ ಸಂಗತಿಯಾಗಿದೆ.

ಕೂಲಿಯು ಹೋಗುವುದೆಂಬ ಭಯ: ಇದನ್ನು ಸುಳ್ಳೆಂದು ತಳ್ಳಿಹಾಕಲಾಗದು. ಅಕ್ಕಿಯ ಗಿರಣಿಯು ಬಂದಾಗ ಬತ್ತ ಕುಟ್ಟುವ ಕೆಲಸವು ಹೋಯಿತು. ಪಂಪು ಬಂದಾಗ ಕಪಿಲೆಯ ಕೆಲಸವು ನಿಂತಿತು. ಬರೆಯುವ, ಲೆಕ್ಕವಿಡುವ, ಭಾಷಾಂತರ ಮಾಡುವ ಕೆಲಸಗಳಲ್ಲಿ ಈ ಹೊಸ ಯಂತ್ರದ ಪ್ರಭಾವವು ಹೆಚ್ಚಾಗಿ ತೋರುವುದು. ಆದರೆ ನಾಟಿ ಹಾಕುವ, ಅಡಕೆಯ ಮರ ಹತ್ತುವ, ಕಳೆ ಕೀಳುವ ಕೆಲಸವನ್ನು ಅಂಕಿಗಳ ಲೆಕ್ಕವು ಮಾಡಲಾರದು. ಅದಕ್ಕೆ ಕೈಯೂ ಕಾಲೂ ಇರುವ ದುಬಾರಿ ಯಂತ್ರವು ಬೇರೆಯಾಗಿ ಬೇಕು. ಓದಿದ ಮಕ್ಕಳನ್ನು ಹೊಸ ವಿದ್ಯೆಗೆ ಅಂಜಿಸದೆ ಅದನ್ನು ಕಲಿಯುವಂತೆ ಪ್ರೋತ್ಸಾಹಿಸುವುದೇ ಮುಖಂಡರು ಮಾಡಬಹುದಾದ ಉಪಕಾರ.

ಪಹಣಿಯ ವಿಷಯದ ಭಯ: ಕರ್ನಾಟಕದಲ್ಲಿ “ಭೂಮಿ” ಯೋಜನೆಯ ಮೂಲಕ ಸುಮಾರು ೬೭ ಲಕ್ಷ ಭೂಮಾಲೀಕರ ೨ ಕೋಟಿಯಷ್ಟು ಪಹಣಿಗಳನ್ನು ೨೦೦೦ದ ಸುಮಾರಿನಲ್ಲಿ ಕಂಪ್ಯೂಟರಿಗೆ ಸೇರಿಸಿದಾಗಲೂ ಇಂತಹ ಅಂಜಿಕೆಯು ಸಹಜವಾಗಿತ್ತು. ಆದರೆ ಕಂಪ್ಯೂಟರಿನ ಪಹಣಿಯು ಒಂದು ಲೆಕ್ಕದ ಪುಸ್ತಕ. ಅದು ಊಹೆಮಾಡುವ ಯಂತ್ರವಲ್ಲ. ಖಾತೆಯ ಬದಲಾವಣೆಗೆ ಅರ್ಜಿ, ತಿಳಿವಳಿಕೆ ಪತ್ರ, ಅಧಿಕಾರಿಯ ಆಜ್ಞೆ ಎಂಬ ಕ್ರಮವು ಉಂಟು. ಮಾತನಾಡುವ ಯಂತ್ರಕ್ಕೆ ಆ ಪುಸ್ತಕದಲ್ಲಿ ಬರೆಯುವ ಅಧಿಕಾರವಿಲ್ಲ. ತನ್ನ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡುವ ಅಭ್ಯಾಸವುಳ್ಳ ರೈತನಿಗೆ ಈ ಭಯಕ್ಕೆ ಎಡೆಯಿಲ್ಲ.

ಮೋಸದ ಭಯ: ಎಲ್ಲಕ್ಕಿಂತಲೂ ಹೆಚ್ಚಾಗಿ ಗಮನಿಸತಕ್ಕದ್ದು ಇದು. ಒಬ್ಬನ ಧ್ವನಿಯ ಸ್ವಲ್ಪ ಭಾಗವನ್ನು ಕೇಳಿಸಿದರೆ ಸಾಕು, ಅದೇ ಧ್ವನಿಯಲ್ಲಿ ಬೇರೆ ಮಾತುಗಳನ್ನು ಆಡಿಸುವ ಶಕ್ತಿಯು ಈ ಯಂತ್ರಗಳಿಗೆ ಬಂದಿದೆ. ಪಟ್ಟಣದಲ್ಲಿರುವ ಮಗನ ಧ್ವನಿಯಲ್ಲಿ “ಅಪ್ಪಾ, ಕಷ್ಟದಲ್ಲಿದ್ದೇನೆ, ಈ ನಂಬರಿಗೆ ಕೂಡಲೆ ಹಣ ಕಳುಹಿಸು” ಎಂದು ಕರೆ ಬಂದರೆ, ಕರೆಯನ್ನು ನಿಲ್ಲಿಸಿ ಮಗನ ಸ್ವಂತ ನಂಬರಿಗೆ ತಾವೇ ಕರೆ ಮಾಡಿ ವಿಚಾರಿಸತಕ್ಕದ್ದು. ಬ್ಯಾಂಕಿನ ಗುಪ್ತ ಸಂಖ್ಯೆಗಳನ್ನು ಯಾರಿಗೂ ಹೇಳತಕ್ಕದ್ದಲ್ಲ. ಹಣ ಹೋದಲ್ಲಿ ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸತಕ್ಕದ್ದು. ಇಲ್ಲಿ ಕಳ್ಳನು ಯಂತ್ರವಲ್ಲ, ಯಂತ್ರವನ್ನು ಹಿಡಿದ ಮನುಷ್ಯನು.

೭. ಈಗ ದೊರೆಯುತ್ತಿರುವ ಪ್ರಯೋಜನಗಳು

ಪಿಎಂ ಕಿಸಾನ್ ಹಣದ ವಿಷಯದಲ್ಲಿ ರೈತರ ಪ್ರಶ್ನೆಗಳಿಗೆ ಉತ್ತರ ಕೊಡುವ “ಕಿಸಾನ್ ಇ-ಮಿತ್ರ” ಎಂಬ ಏರ್ಪಾಟು ೨೦೨೩ರಲ್ಲಿ ಆರಂಭವಾಯಿತು. ಕೀಟಗಳ ಮತ್ತು ರೋಗಗಳ ಚಿತ್ರಗಳನ್ನು ನೋಡಿ ಗುರುತಿಸಲು ನೆರವಾಗುವ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯು ೨೦೨೪ರ ಆಗಸ್ಟ್ ತಿಂಗಳಿನಲ್ಲಿ ಪ್ರಾರಂಭವಾಗಿ, ೬೧ ಬೆಳೆಗಳಿಗೆ ಅನ್ವಯಿಸಿದೆ. ೨೦೨೫ರ ಮುಂಗಾರಿನಲ್ಲಿ ಕೇಂದ್ರದ ಕೃಷಿ ಸಚಿವಾಲಯವು ಈ ವಿದ್ಯೆಯ ಸಹಾಯದಿಂದ ಸಿದ್ಧಪಡಿಸಿದ ಮಳೆಯ ಆರಂಭದ ಮುನ್ಸೂಚನೆಯನ್ನು ೧೩ ರಾಜ್ಯಗಳ ಸುಮಾರು ೩ ಕೋಟಿ ೮೦ ಲಕ್ಷ ರೈತರಿಗೆ ಮೊಬೈಲಿನ ಸಂದೇಶದ ಮೂಲಕ ಕಳುಹಿಸಿತು. ಹಿಂದಿನ ವರ್ಷಗಳ ಮಳೆಗಾಳಿಗಳ ಲೆಕ್ಕದಿಂದ ಮುಂದಿನದನ್ನು ಊಹಿಸುವುದು, ಯಂತ್ರಕ್ಕೆ ಬಹಳ ಚೆನ್ನಾಗಿ ಒಗ್ಗಿದ ಕೆಲಸ. ಆದರೂ ಅದು ಊಹೆಯೇ ಆದುದರಿಂದ, ನೆಲದ ಹದವನ್ನು ಕೈಯಿಂದ ಮುಟ್ಟಿ ನೋಡಿದ ತರುವಾಯವೇ ಬೀಜವನ್ನು ಭೂಮಿಗೆ ಹಾಕತಕ್ಕದ್ದು.

೮. ಮುಖಂಡರು ಊರಿನವರಿಗೆ ತಿಳಿಸತಕ್ಕ ನಿಯಮಗಳು

(೧) ರೋಗದ ಚಿತ್ರವನ್ನು ಹಗಲಿನ ಒಳ್ಳೆಯ ಬೆಳಕಿನಲ್ಲಿ, ಎಲೆಯ ಎರಡು ಮುಖಗಳನ್ನೂ, ಒಂದಕ್ಕಿಂತ ಹೆಚ್ಚು ಗಿಡಗಳಿಂದಲೂ ತೆಗೆಯತಕ್ಕದ್ದು. ಹೊಸದಾಗಿ ಕಾಣಿಸಿಕೊಂಡ ಮಚ್ಚೆಯನ್ನೂ ಹಳೆಯ ಮಚ್ಚೆಯನ್ನೂ ತೋರಿಸತಕ್ಕದ್ದು.

(೨) ಯಂತ್ರವು ಒಂದು ಹೆಸರನ್ನು ಹೇಳಿದಾಗ, ಅದರ ಲಕ್ಷಣಗಳನ್ನು ಕೇಳಿ, ಹೊಲಕ್ಕೆ ಹೋಗಿ ತಾಳೆನೋಡತಕ್ಕದ್ದು. ಬೇರೆ ಏನಾಗಿರಬಹುದೆಂದು ಮತ್ತೊಂದು ಸಲ ಕೇಳತಕ್ಕದ್ದು. ಆರನೆಯ ಎಲೆಯ ಸಂಗತಿಯನ್ನು ಮರೆಯತಕ್ಕದ್ದಲ್ಲ.

(೩) ಔಷಧದ ಪ್ರಮಾಣವನ್ನು ಡಬ್ಬಿಯ ಮೇಲಿನ ಚೀಟಿಯಿಂದಲೂ ಹೋಬಳಿಯ ರೈತ ಸಂಪರ್ಕ ಕೇಂದ್ರದಿಂದಲೂ ತಿಳಿಯತಕ್ಕದ್ದೇ ಹೊರತು ಯಂತ್ರದ ಮಾತೊಂದರಿಂದಲೇ ನಿರ್ಧರಿಸತಕ್ಕದ್ದಲ್ಲ. ಕಿಸಾನ್ ಕಾಲ್ ಸೆಂಟರಿನ ೧೮೦೦-೧೮೦-೧೫೫೧ ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕರೆ ಮಾಡಿಯೂ ವಿಚಾರಿಸಬಹುದು.

(೪) ಹೊಸ ಸಲಹೆಯನ್ನು ಮೊದಲು ಒಂದೆರಡು ಗುಂಟೆಯಲ್ಲಿ ಪ್ರಯೋಗಿಸಿ, ಪಕ್ಕದ ಭಾಗವನ್ನು ಹಾಗೆಯೇ ಬಿಟ್ಟು, ಎರಡನ್ನೂ ಹೋಲಿಸಿ ನೋಡತಕ್ಕದ್ದು.

(೫) ಯಂತ್ರವು ಹೇಳಿದುದನ್ನೂ ಹೊಲದಲ್ಲಿ ಆದುದನ್ನೂ ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆದಿಡತಕ್ಕದ್ದು. ಒಂದೆರಡು ಫಸಲುಗಳ ತರುವಾಯ, ಯಾವ ವಿಷಯದಲ್ಲಿ ಅದನ್ನು ನಂಬಬಹುದು, ಯಾವ ವಿಷಯದಲ್ಲಿ ನಂಬಲಾಗದು ಎಂಬುದು ಆ ಊರಿನವರಿಗೇ ತಿಳಿಯುವುದು.

(೬) ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ, ಜಮೀನಿನ ಕಾಗದಪತ್ರಗಳು ಇವುಗಳನ್ನು ಗುರುತಿಲ್ಲದ ಏರ್ಪಾಟುಗಳಿಗೆ ಕೊಡತಕ್ಕದ್ದಲ್ಲ.

ಮೇಲ್ಕಂಡ ಸ್ಲೇಟಿನ ಪರೀಕ್ಷೆಯನ್ನು ಊರಿನ ಶಾಲೆಯಲ್ಲಿಯಾಗಲಿ ಅರಳಿಕಟ್ಟೆಯಲ್ಲಿಯಾಗಲಿ ಒಂದು ಸಂಜೆ ಎಲ್ಲರ ಎದುರಿಗೆ ಮಾಡಿ ತೋರಿಸಿದರೆ, ಹತ್ತು ಉಪನ್ಯಾಸಗಳಿಂದ ಆಗದ ಪ್ರಯೋಜನವಾಗುವುದು. ಐದನೆಯ ಎಲೆಗೆ ಹುಡುಗನು ಸರಿಯುತ್ತರ ಹೇಳಿದುದನ್ನು ಕಂಡವರಿಗೆ ಈ ವಿದ್ಯೆಯಲ್ಲಿ ತಿರಸ್ಕಾರವು ಉಳಿಯದು. ಆರನೆಯ ಎಲೆಗೆ ಅವನು ತಪ್ಪುತ್ತರ ಹೇಳಿದುದನ್ನು ಕಂಡವರಿಗೆ ಕುರುಡು ನಂಬಿಕೆಯೂ ಉಳಿಯದು. ಈ ಎರಡು ಎಲೆಗಳನ್ನೂ ಕಂಡ ಗ್ರಾಮಕ್ಕೆ ಯಂತ್ರದಿಂದ ಭಯವಿಲ್ಲ. ಅದು ತನಗೆ ಬೇಕಾದಷ್ಟು ಕೆಲಸವನ್ನು ಅದರಿಂದ ಮಾಡಿಸಿಕೊಂಡು, ತೀರ್ಮಾನವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಳ್ಳುವುದು.